ಉಕ್ಕಿದ ಹಾಲಿನ ಸಂಕಥನ: ಒಂದು ತಾತ್ವಿಕ ಅನುಸಂಧಾನ

ಗೃಹಾಂತರ್ಗತ ಅವಘಡಗಳ ಡಿಜಿಟಲ್ ಅನಾವರಣವನ್ನು ವಸಾಹತೋತ್ತರ ಪರಿಪ್ರೇಕ್ಷ್ಯದಲ್ಲಿ ನಿರ್ವಚಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಅಂದರೆ, ಹಾಲು ಉಕ್ಕಿದರೆ ಜನ ಫೋಟೊ ತೆಗೆದು ಫ್ಯಾಮಿಲಿ ಗ್ರೂಪಿಗೆ ಯಾಕೆ ಹಾಕುತ್ತಾರೆ ಎಂಬ ಪ್ರಶ್ನೆ. ಹೀಗೆ ಒಂದೇ ಸಾಲಿನಲ್ಲಿ ಕೇಳಿದರೆ ಪಿಎಚ್‌.ಡಿ. ಸಿಗುವುದಿಲ್ಲ.

ಈ ಅವಘಡಗಳು ನಾಲ್ಕು ವಿಧ. ಮೊದಲನೆಯದು ದ್ರವಸ್ಥಿತ್ಯಂತರ: ಹಾಲು, ಸಾರು, ಇಡ್ಲಿ ಹಿಟ್ಟು. ಎರಡನೆಯದು ದಹನಾತ್ಮಕ ಅಸ್ಮಿತೆ: ತಳ ಹಿಡಿದ ಉಪ್ಪಿಟ್ಟು, ಕಾವಲಿ ಬಿಡದ ದೋಸೆ. ಮೂರನೆಯದು ಊರ್ಧ್ವಮುಖಿ ಪ್ರತಿರೋಧ: ಕುಕ್ಕರಿನಿಂದ ಹಾರಿ ಚಾವಣಿಗೆ ಅಂಟಿದ ತೊಗರಿಬೇಳೆ. ನಾಲ್ಕನೆಯದು ಬೇಡ, ವಿಚಾರ ಸಂಕಿರಣಗಳಲ್ಲೂ ಅಷ್ಟು ಹೊತ್ತಿಗೆ ಊಟದ ವಾಸನೆ ಬಂದಿರುತ್ತದೆ.

ಕ್ಷೇತ್ರಕಾರ್ಯದಲ್ಲಿ ಕಂಡದ್ದು ಇಷ್ಟು. ಪಾತ್ರೆಯ ಬಾಯಿಗೆ ಕೆನೆ ಗುಮ್ಮಟದಂತೆ ಏರುತ್ತದೆ. ಒಲೆ ಆರಿಸಬೇಕಾದ ಬಲಗೈ ಫ್ರಿಜ್ಜಿನ ಮೇಲಿನ ಫೋನಿಗೆ ಹೋಗುತ್ತದೆ. ಹಾಲು ಸುರಿದು ಬರ್ನರ್ ಚುಂಯ್ ಎಂದು ಆರುತ್ತದೆ, ಗ್ಯಾಸ್ ಮಾತ್ರ ಬರುತ್ತಲೇ ಇರುತ್ತದೆ. ಅಷ್ಟರಲ್ಲಿ ದೊಡ್ಡಮ್ಮನಿಂದ ಮೂರು ನಗುಮುಖ ಬಂದಾಗಿರುತ್ತದೆ.

ಪೂರ್ವಸೂರಿಗಳ ಉಲ್ಲೇಖವಿಲ್ಲದೆ ಪ್ರಬಂಧ ನಿಲ್ಲದು. ಈ ಪರಂಪರೆಯ ಮೂಲಪುರುಷ ನಾಸಿಕ್ ಸಮೀಪದ ತ್ರ್ಯಂಬಕದಲ್ಲಿ 1870ರಲ್ಲಿ ಹುಟ್ಟಿದ ದಾದಾಸಾಹೇಬ್ ಫಾಲ್ಕೆ. 1913ರ ‘ರಾಜಾ ಹರಿಶ್ಚಂದ್ರ’ದಲ್ಲಿ ರೋಹಿತಾಶ್ವ, ಅಂದರೆ ಕನ್ನಡಿಗರ ಲೋಹಿತಾಶ್ವ, ಅವರ ಮಗ ಭಾಲಚಂದ್ರನೇ. ಚಿತ್ರೀಕರಣದ ಜಾಗದಲ್ಲಿ ಹುಡುಗ ಆಡುತ್ತ ಬಂಡೆಯ ಮೇಲೆ ಬಿದ್ದು ಎಚ್ಚರ ತಪ್ಪಿದನಂತೆ. ಅಪ್ಪ ಉಪಚಾರ ಮಾಡಿದರು. ಹೇಗೂ ಹೆಣವಾಗಿ ಮಲಗುವ ದೃಶ್ಯ ಬಾಕಿಯಿತ್ತೆಂದು ಅದೇ ಸ್ಥಿತಿಯಲ್ಲಿ ಅದನ್ನೂ ತೆಗೆದು ಮುಗಿಸಿದರು ಎನ್ನುತ್ತಾರೆ ಜೀವನಚರಿತ್ರೆಕಾರರು. 1919ರ ‘ಕಾಲಿಯಾ ಮರ್ದನ’ದಲ್ಲಿ ಮಗಳು ಮಂದಾಕಿನಿ ಕೃಷ್ಣನಾದಳು. ಹೆಂಡತಿ ಸರಸ್ವತೀಬಾಯಿ ಇಡೀ ತಂಡಕ್ಕೆ ಅಡುಗೆ ಮಾಡಿ, ಫಿಲ್ಮಿಗೆ ತೂತನ್ನೂ ಹೊಡೆಯುತ್ತಿದ್ದರು. ಅವರ ಒಲೆಯ ಮೇಲೆ ಹಾಲು ಎಷ್ಟು ಸಲ ಉಕ್ಕಿತೋ, ಅದರ ಚಿತ್ರ ಯಾರೂ ತೆಗೆದಿಲ್ಲ.

ಕಾನೂನಿನ ನೆಲೆಗಟ್ಟೂ ಇದೆ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟ್ ಹೇಳಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ. 2023ರ ದತ್ತಾಂಶ ರಕ್ಷಣಾ ಕಾಯ್ದೆ ಮಾತ್ರ ವ್ಯಕ್ತಿಯೊಬ್ಬರ ಸ್ವಂತ ಅಥವಾ ಮನೆಬಳಕೆಯ ವ್ಯವಹಾರಕ್ಕೆ ಅನ್ವಯಿಸದು. ಟಬ್ಬಿನಲ್ಲಿ ಕೂತು ಅಳುವ ಮಗುವಿನ ಫೋಟೊ ದೊಡ್ಡಮ್ಮನಿಗೆ ಹೋಗುವಾಗ ಮಗುವನ್ನು ಕೇಳುವವರಿಲ್ಲ.

ಇನ್ನು ಊರ್ಧ್ವಮುಖ, ಅಧೋಮುಖ ಎಂಬ ಪರಿಭಾಷೆಗೆ ಬಂದರೆ... ಬೇಡ. ಛತ್ರಪತಿ ಸಂಭಾಜಿನಗರದ ಹತ್ತಿರ, ವೇರೂಳದ ಕಡೆ, ಸೂಲಿಭಂಜನ ಬೆಟ್ಟವಿದೆ. ಮೇಲೊಂದು ದತ್ತಾತ್ರೇಯ ಗುಡಿ. 2024ರ ಜೂನ್ 17ರಂದು ಅಲ್ಲಿ 23 ವರ್ಷದ ಹುಡುಗಿಯೊಬ್ಬಳು ಕಾರಿನಲ್ಲಿ ಕೂತು ರಿವರ್ಸ್ ಹಾಕಿದಳು. ಗೆಳೆಯ ಫೋನಿನಲ್ಲಿ ಚಿತ್ರಿಸುತ್ತಿದ್ದ. ಕಾರು ಹಿಂದಕ್ಕೆ ವೇಗ ಹಿಡಿಯಿತು. ‘ಕ್ಲಚ್, ಕ್ಲಚ್’ ಎಂಬ ಅವನ ಕೂಗು ವಿಡಿಯೊದಲ್ಲೇ ಇದೆ. ಕಾರು ಸುಮಾರು 300 ಅಡಿ ಕೆಳಗೆ ಬಿತ್ತು.

ಆ ಗೆಳೆಯನನ್ನು ಬೈಯುವುದು ಸುಲಭ. ಅವನು ಕಡೆಗೆ ಓಡಿಯಾದರೂ ಓಡಿದ. ನಾಚಿಕೆ ಬಿಟ್ಟವರೆಂದರೆ ಆಮೇಲೆ ಆ ವಿಡಿಯೊಗೆ ಸಂಗೀತ ಕೂಡಿಸಿದವರು, ಬೆಳಗಿನ ಕಾಫಿ ಕುಡಿಯುತ್ತ ‘ನೋಡಿ ಈಗಿನ ಹುಡುಗರನ್ನ’ ಎಂದು ಬಂಧುಬಳಗಕ್ಕೆಲ್ಲ ದಾಟಿಸಿದವರು. ಅವಳ ಮನೆಯವರ ಫೋನಿಗೂ ಅದು ಯಾವುದೋ ಗ್ರೂಪಿನಿಂದ ಬಂದಿರಬಹುದೆಂದು ಒಬ್ಬರಿಗೂ ಹೊಳೆಯಲಿಲ್ಲವೇ?

ಆ ವಿಡಿಯೊ ಇನ್ನೂ ತಿರುಗುತ್ತಿದೆ. ನಿಮಗೆ ಬಂದರೆ ಮುಂದಕ್ಕೆ ಕಳಿಸಬೇಡಿ.