ಊರಲ್ಲೊಂದು ಮನೆ ಮಾಡ್ತೀರಂತೆ, ಹೌದಾ?

ಸುದ್ದಿ ಬಂತು ಮಾರಾಯ್ರೆ. ಊರಲ್ಲಿ ಮನೆ ಮಾಡ್ತೀರಂತೆ! ಎಡಿಸನ್ನಿನಲ್ಲಿ ನಾಲ್ಕು ಬೆಡ್‌ರೂಮು, ಎರಡು ಕಾರು ನಿಲ್ಲೋ ಗ್ಯಾರೇಜು, ತೀರಿ ಮುಗಿಯದ ಮಾರ್ಟ್‌ಗೇಜು ಎಲ್ಲ ಇದ್ದೂ ನಿಮಗೀಗ ತೀರ್ಥಹಳ್ಳಿ ತಾಲೂಕಿನ ಮೂಲೆಯಲ್ಲಿ ಅಜ್ಜನ ಊರಲ್ಲೊಂದು ಹಂಚಿನ ಮನೆ ಬೇಕಂತೆ. ಯಾರು ಹೇಳಿದ್ರು ಅಂತ ಕೇಳ್ಬೇಡಿ. (ನಿಮ್ಮ ಹೆಂಡ್ತಿ. ನನಗಲ್ಲ, ಅವರ ತಂಗಿಗೆ. ಆಮೇಲೆ ಅದು ಹೇಗೆ ಹರಡ್ತದೆ ಅಂತ ನಿಮಗೇ ಗೊತ್ತಲ್ಲ.)

ನಾಚ್ಕೋಬೇಡಿ. ಮಕ್ಕಳು ಮಲಗಿದ ಮೇಲೆ ಹೊದಿಕೆಯೊಳಗೆ ಫೋನು ಹಿಡ್ಕೊಂಡು ಏನು ನೋಡ್ತೀರಿ ಅನ್ನೋದೂ ಗೊತ್ತು. ಭೂಮಿ ವೆಬ್‌ಸೈಟು! ಜಿಲ್ಲೆ, ತಾಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು, ಹಿಸ್ಸಾ... ಬಂತು ನೋಡಿ ಪಹಣಿ. ಕೈಬರಹದ ಪಹಣಿಯನ್ನೆಲ್ಲ ಸರ್ಕಾರ ಕಂಪ್ಯೂಟರಿಗೆ ಹಾಕಿದ್ದು ರೈತರು ಗ್ರಾಮ ಲೆಕ್ಕಿಗರ ಹಿಂದೆ ಅಲೆಯೋದು ತಪ್ಪಲಿ ಅಂತ. ಒಂಬತ್ತನೇ ಕಾಲಂನಲ್ಲಿ ಅಜ್ಜನ ಹೆಸರು ನೋಡಿ ನ್ಯೂಜೆರ್ಸಿಯಲ್ಲಿ ನೀವು ಮೂಗು ಒರೆಸ್ಕೊಳ್ಳಲಿ ಅಂತಲ್ಲ.

ಮೂಗು ಒರೆಸ್ಕೊಂಡಾಯ್ತಾ? ಈಗೊಂದು ಪ್ರಶ್ನೆ. ಅಜ್ಜ ತೀರಿಕೊಂಡು ಎಷ್ಟು ವರ್ಷವಾಯ್ತು? ಅವರ ಹೆಸರೇ ಇನ್ನೂ ಅಲ್ಲಿ ಕೂತಿದೆ ಅಂದ್ರೆ ಪೌತಿ ಖಾತೆ ಆಗಿಲ್ಲ, ತೀರಿಕೊಂಡವರ ಖಾತೆ ವಾರಸುದಾರರ ಹೆಸರಿಗೆ ಬಂದಿಲ್ಲ ಅಂತಲೇ ಅರ್ಥ. ನಿಮ್ಮಪ್ಪ ಮಾಡಿಸ್ಲಿಲ್ಲ, ದೊಡ್ಡಪ್ಪ ಮಾಡಿಸ್ಲಿಲ್ಲ, ‘ನಾವೆಲ್ಲ ಒಂದೇ ಅಲ್ವಾ, ಎಂತಕ್ಕೆ ಅವಸರ’ ಅಂತ ಕಾಫಿ ಕುಡಿದು ಎದ್ದುಹೋದ್ರು. ಇರ್ಲಿ, ಅಲ್ಲಿಗೆ ಆಮೇಲೆ ಬರೋಣ. ಮೊದಲು ನಿಮ್ಮ ‘ಕೊಂಡೇಬಿಡ್ತೀನಿ’ ಅನ್ನೋ ಹುರುಪಿಗೊಂದು ದಾರಿ ಮಾಡ್ಬೇಕು.

‘ಈಗ ಯಾರು ಬೇಕಾದ್ರೂ ಜಮೀನು ತಗೋಬಹುದು’ ಅಂತ ವಾಟ್ಸಾಪಲ್ಲಿ ಓದಿದ್ರಲ್ಲ? ಸುಳ್ಳಲ್ಲ. 2020ರಲ್ಲಿ ಕರ್ನಾಟಕ ಭೂಸುಧಾರಣೆ ಕಾಯ್ದೆಯ 79ಎ, 79ಬಿ ಕಲಂಗಳನ್ನ ಕಿತ್ತುಹಾಕಿದ್ರು. ಕೃಷಿಕರಲ್ಲದವರೂ ಕೊಳ್ಳಬಹುದು. ಆದ್ರೆ ಆ ಬಾಗಿಲು ತೆಗೆದದ್ದು ಬೆಂಗಳೂರಿನ ಸಾಫ್ಟ್‌ವೇರಿನವರಿಗೆ. (ಅವರು ಆಗ್ಲೇ ಸಕಲೇಶಪುರ ತುಂಬಿಕೊಂಡಿದ್ದಾರೆ ಬಿಡಿ.) ನಿಮ್ಮ ದಾರಿಗೆ ಅಡ್ಡ ನಿಂತಿರೋದು ಬೇರೆಯೇ ಕಾನೂನು. ಅದರ ಹೆಸರು ಫೆಮಾ, ವಿದೇಶಿ ವಿನಿಮಯದ ಕಾನೂನು.

ಎನ್ನಾರೈ ಆಗಲಿ, ಒಸಿಐ ಕಾರ್ಡಿನವರಾಗಲಿ, ರಿಸರ್ವ್ ಬ್ಯಾಂಕಿನ ವಿಶೇಷ ಅನುಮತಿ ಇಲ್ಲದೆ ಕೃಷಿ ಜಮೀನು ಕೊಳ್ಳೋ ಹಾಗಿಲ್ಲ. ಪ್ಲಾಂಟೇಶನ್ ಇಲ್ಲ. ಫಾರ್ಮ್‌ಹೌಸೂ ಇಲ್ಲ. ಫ್ಲಾಟ್ ಬೇಕಾ? ಹತ್ತು ತಗೊಳ್ಳಿ, ಯಾರೂ ಕೇಳಲ್ಲ. ಅಂಗಡಿ ಮಳಿಗೆ ಬೇಕಾ? ಸಾಲಾಗಿ ತಗೊಳ್ಳಿ. ಹಿತ್ತಲಿಗೆ ಅಂಟಿಕೊಂಡ ಅರ್ಧ ಎಕರೆ ಅಡಿಕೆ ತೋಟ? ಊಹೂಂ.

ಈಗ ಕಣ್ಣು ಮುಚ್ಚಿ ನಿಮ್ಮ ಕನಸಿನ ಮನೆ ನೆನಪಿಸ್ಕೊಳ್ಳಿ. ಮುಂದೆ ಅಂಗಳ, ಹಿಂದೆ ತೋಟ, ಪಕ್ಕದಲ್ಲಿ ಹಳ್ಳ, ಆಚೆ ಗದ್ದೆ. ಅದರಿಂದ ತೋಟ, ಗದ್ದೆ ಅಳಿಸಿಬಿಡಿ. ಏನುಳೀತು? ಪಂಚಾಯ್ತಿಯ ಇ-ಸ್ವತ್ತಿನಲ್ಲಿ 9, 11 ನಮೂನೆ ಸರಿಯಾಗಿರೋ, ಬಸ್‌ಸ್ಟ್ಯಾಂಡಿನ ಹಿಂದೆ, ಗೊಬ್ಬರದ ಅಂಗಡಿಗೆ ತಾಗಿರೋ ಒಂದು ಸೈಟು. ಕಾನೂನುಬದ್ಧವಾಗಿ ನಿಮ್ಮದಾಗಬಹುದು. ಯೂರಿಯಾ ವಾಸನೆ ಫ್ರೀ.

ಏನಂದ್ರಿ? ‘ತಮ್ಮನ ಹೆಸರಲ್ಲಿ ಮಾಡಿಸಿದ್ರಾಯ್ತು’ ಅಂದ್ರಾ? ಶ್! ಮೆಲ್ಲಗೆ ಮಾತಾಡಿ. ಅದಕ್ಕೆ ಬೇನಾಮಿ ಅಂತಾರೆ. 2016ರ ತಿದ್ದುಪಡಿ ಆದ್ಮೇಲೆ ಆಸ್ತಿಯೂ ಹೋಗಬಹುದು, ಏಳು ವರ್ಷದವರೆಗೆ ಜೈಲೂ ಆಗಬಹುದು. ಅದಕ್ಕಿಂತ ಮೊದಲು ತಮ್ಮನ ಹೆಂಡ್ತಿಗೆ ‘ಈ ಮನೆ ನಮ್ಮದೇ’ ಅನ್ನೋ ಜ್ಞಾನೋದಯ ಆಗ್ತದೆ. (ಸಾಮಾನ್ಯವಾಗಿ ಗೃಹಪ್ರವೇಶದ ಮರುದಿನ.)

ಹಾಗಾಗಿ ಉಳಿದಿರೋದು ಒಂದೇ ದಾರಿ: ಪಿತ್ರಾರ್ಜಿತ. ಪಾಲಿಗೆ ಬಂದ ಮನೆ, ತೋಟ ಯಾವುದನ್ನೂ ಇಟ್ಕೊಳ್ಳೋಕೆ ಫೆಮಾ ಬೇಡ ಅನ್ನಲ್ಲ. ಮುಖ ಅರಳಿತಲ್ಲ? ಅರಳಲಿ, ಅರಳಲಿ. ಯಾಕಂದ್ರೆ ಆ ಪೌತಿ ಖಾತೆಗೆ ಬೇಕಾದ ಕಾಗದದ ಹೆಸರು ವಂಶವೃಕ್ಷ.

ವಂಶವೃಕ್ಷ ಅಂದ್ರೆ ಗೋಡೆಗೆ ಫ್ರೇಮ್ ಹಾಕಿಸೋ ಚಿತ್ರ ಅಂದ್ಕೊಂಡ್ರಾ? ಅಜ್ಜನ ಮಕ್ಕಳು, ತೀರಿಕೊಂಡ ಮಕ್ಕಳ ಮಕ್ಕಳು, ಒಬ್ಬರನ್ನೂ ಬಿಡದೆ ಬರೆಸ್ಬೇಕು. ಹೆಣ್ಣುಮಕ್ಕಳನ್ನೂ. ಪಿತ್ರಾರ್ಜಿತದಲ್ಲಿ ಅವರಿಗೂ ಸಮಪಾಲು ಅಂತ ಕರ್ನಾಟಕ 1994ರಲ್ಲೇ ತಿದ್ದುಪಡಿ ತಂದಿತ್ತು. 2005ರಲ್ಲಿ ಇಡೀ ದೇಶಕ್ಕೆ ಬಂತು, ಮದುವೆಯಾಗಿ ಹೋದವರಿಗೂ ಸೇರಿ. ಅಂದ್ರೆ ಭದ್ರಾವತಿಯ ಅತ್ತೆ. ಹೌದು, ಅವರೇ. ಅವರ ಮಗನ ಮದುವೆಗೆ ನೀವು ಬರದೆ, ವಾಟ್ಸಾಪಲ್ಲಿ ಒಂದು ಹೂಗುಚ್ಛ ಕಳಿಸಿ ಕೈತೊಳ್ಕೊಂಡ್ರಲ್ಲ, ಆ ಅತ್ತೆ.

ಅತ್ತೆ ಕೆಟ್ಟವರಲ್ಲ ಮಾರಾಯ್ರೆ. ಸಹಿ ಹಾಕ್ತಾರೆ. ಆದ್ರೆ ಹಾಕೋ ಮೊದಲು 1978ರಲ್ಲಿ ಅವರ ಬಳೆ ಯಾರು ಅಡವಿಟ್ಟರು, ಅದು ಯಾಕೆ ವಾಪಸ್ ಬರಲಿಲ್ಲ, ಬಾಣಂತನಕ್ಕೆ ಬಂದಾಗ ನಿಮ್ಮಮ್ಮ ಯಾವ ಮಾತು ಆಡಿದ್ರು, ಎಲ್ಲ ಹೇಳ್ತಾರೆ. ನೀವು ವೀಡಿಯೋ ಕಾಲಲ್ಲಿ ತಲೆ ಆಡಿಸ್ತಾ ಇರ್ಬೇಕು. ಮ್ಯೂಟ್ ಮಾಡ್ಕೊಂಡು ಆಫೀಸ್ ಕೆಲಸ ಮಾಡಿದ್ರೆ ಅವರಿಗೆ ಗೊತ್ತಾಗ್ತದೆ. ಹೇಗೋ ಗೊತ್ತಾಗ್ತದೆ.

ಇನ್ನೊಂದು ಚಾಳಿ ನಿಮ್ಮದು. ಊರಿಗೆ ಬಂದಾಗೆಲ್ಲ ದರೆ ಮೇಲೆ ನಿಂತು ಮಕ್ಕಳಿಗೆ ‘ಆ ಹಳ್ಳದಿಂದ ಈ ಗುಡ್ಡದ ತನಕ ನಮ್ದೇ ಇತ್ತು’ ಅಂತ ಕೈ ಬೀಸ್ತೀರಿ. ಇತ್ತು, ಸರಿ. ಉತ್ತವರು ಯಾರು? 1974ರಲ್ಲಿ ದೇವರಾಜ ಅರಸು ಕಾಲದ ಕಾನೂನು ಬಂದಾಗ ಗೇಣಿದಾರರು ಡಿಕ್ಲರೇಶನ್ ಕೊಟ್ರು, ಗದ್ದೆ ಉತ್ತವರದ್ದಾಯ್ತು. ನಿಮ್ಮನೆಯಲ್ಲಿ ಅದನ್ನ ‘ಹೋಯ್ತು’ ಅಂತಾರೆ, ಆಚೆ ಮನೆಯಲ್ಲಿ ‘ಬಂತು’ ಅಂತಾರೆ. ಆ ಮನೆಯ ಮೊಮ್ಮಗಳೇ ನಾಳೆ ಪಂಚಾಯ್ತಿ ಅಧ್ಯಕ್ಷೆ ಆದ್ರೆ, ನಿಮ್ಮ ಮನೆ ರಿಪೇರಿ ಅರ್ಜಿ ಅವರ ಮುಂದೆಯೇ ಹೋಗ್ತದೆ. ಕೈ ಸ್ವಲ್ಪ ಕಮ್ಮಿ ಬೀಸಿ.

ನೀವೊಬ್ಬರೇ ಹೀಗೆ ಅಂತ ಬೇಜಾರು ಮಾಡ್ಕೋಬೇಡಿ. ಪಂಜಾಬಿನ ದೋಆಬಾ ಕಡೆ ಹೋಗಿ ನೋಡಿ, ಕೆನಡಾ, ಇಂಗ್ಲೆಂಡಿಗೆ ಹೋದವರು ಊರಲ್ಲಿ ಕಟ್ಟಿದ ಮನೆಗಳ ಮೇಲೆ ವಿಮಾನದ ಆಕಾರದ ನೀರಿನ ಟ್ಯಾಂಕು, ಫುಟ್‌ಬಾಲ್ ಆಕಾರದ ಟ್ಯಾಂಕು ಇವೆ. ಕೆಳಗೆ ಮನೆಗೆ ಬೀಗ. (ನಿಮ್ಮನೆ ಮಾಡಿನ ಮೇಲೆ ವಿಮಾನ ಕೂರಿಸಿದ್ರೆ ಮಂಗಗಳು ಪೈಲಟ್ ಸೀಟಿಗೆ ಜಗಳ ಆಡ್ತವೆ.)

ಇಟಲಿ ಕಥೆ ಕೇಳಿ. ಸಿಸಿಲಿ ದ್ವೀಪದ ಸಾಂಬೂಕಾ ಅನ್ನೋ ಊರು, ಅದೇ ದ್ವೀಪದ ಮುಸ್ಸೊಮೆಲಿ, ಹೀಗೆ ಎಷ್ಟೋ ಊರುಗಳಲ್ಲಿ ಹುಡುಗರೆಲ್ಲ ಹೊರಟುಹೋಗಿ ಮನೆಗಳು ಪಾಳು ಬಿದ್ದವು. ಮುನಿಸಿಪಾಲಿಟಿಯವರು ಒಂದು ಯೂರೋಗೆ ಒಂದು ಮನೆ ಅಂತ ಇಟ್ರು. 2019ರಲ್ಲಿ ಸಾಂಬೂಕಾದ ಸುದ್ದಿ ಜಗತ್ತೆಲ್ಲ ಸುತ್ತಿತು. ಇಟಲಿ ಮೂಲದ ಅಮೆರಿಕನ್ ನಟಿ ಲೊರೇನ್ ಬ್ರಾಕೊ ಅಲ್ಲೊಂದು ಮನೆ ತಗೊಂಡು, ಅದರ ರಿಪೇರಿಯನ್ನೇ ಟಿವಿ ಶೋ ಮಾಡಿದ್ರು. ಒಂದು ಯೂರೋ ಮನೆಗೆ ರಿಪೇರಿ ಖರ್ಚೆಷ್ಟು ಅಂತ ನಿಮ್ಮ ಹೆಂಡ್ತಿ ಎದುರು ಹುಡುಕ್ಬೇಡಿ.

ಆದ್ರೆ ಆ ಊರಿನವರ ಜಾಣತನ ನೋಡಿ. ಮೂರು ವರ್ಷದೊಳಗೆ ರಿಪೇರಿ ಮುಗಿಸ್ತೀನಿ ಅಂತ ಬರ್ಕೊಡ್ಬೇಕು, ಐದು ಸಾವಿರ ಯೂರೋ ಠೇವಣಿ ಇಡ್ಬೇಕು. ಮಾಡ್ಲಿಲ್ಲ, ಠೇವಣಿ ಗೋವಿಂದ. ಅವರಿಗೆ ಬೇಕಿರೋದು ಜನ, ಬೀಗ ಅಲ್ಲ. ನಮ್ಮ ಪಂಚಾಯ್ತಿಯೂ ಇಂಥದ್ದೊಂದು ಠರಾವು ಮಾಡಿದ್ರೆ ‘ಊರು, ಬೇರು, ಮಣ್ಣು’ ಅಂತ ಹಾಡೋ ನಿಮ್ಮ ಗ್ರೂಪಿನಲ್ಲಿ ಎಷ್ಟು ಜನ ಉಳೀತೀರಿ? ನಿಜ ಹೇಳಿ.

ಸರಿ, ಮನೆ ವಿಷಯಕ್ಕೆ ಬರೋಣ. ನಿಮ್ಮ ಲಿಸ್ಟು ನೋಡಿದೆ. ಹಳೇ ಕಂಬ ಹಾಗೇ ಇರ್ಬೇಕು. ಜಗುಲಿ ಇರ್ಬೇಕು. ಕೆಂಪು ಗಾರೆ ನೆಲ ಇರ್ಬೇಕು. ಬಚ್ಚಲಲ್ಲಿ ಹಂಡೆ ಇರ್ಬೇಕು (ಫೋಟೋಕ್ಕೆ), ಪಕ್ಕದಲ್ಲೇ ಗೀಸರೂ ಇರ್ಬೇಕು (ಸ್ನಾನಕ್ಕೆ). ಎರಡು ಕಮೋಡು, ಒಂದು ಡಿಶ್‌ವಾಷರು, ಮೂಲೆಮೂಲೆಗೂ ವೈಫೈ. ಒಟ್ಟಿನಲ್ಲಿ ಅಜ್ಜನ ಮನೆಯ ವೇಷ ಹಾಕಿದ ಎಡಿಸನ್ ಮನೆ.

ಮೇಲೆ ಮಾತ್ರ ಮಂಗಳೂರು ಹಂಚೇ ಆಗ್ಬೇಕಂತೆ. ಒಳ್ಳೇದು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಹಾಕಿದ ಮೇಲೆ ನಮ್ಮ ಕಡೆಯ ಮಾಡುಗಳ ಬಣ್ಣವೇ ಬದಲಾಯ್ತು. ಆದ್ರೆ ಮಂಗ ಒಂದು ಸಲ ಹಾರಿದ್ರೆ ನಾಲ್ಕು ಹಂಚು ಲಟಕ್. ಮಳೆಗಾಲಕ್ಕೆ ಮೊದಲು ಪ್ರತಿ ವರ್ಷ ಹಂಚು ಕೈಯಾಡಿಸ್ಲೇಬೇಕು. ಒಂದು ವರ್ಷ ಬಿಟ್ರೆ ಸೋರಿಕೆ, ಎರಡು ವರ್ಷ ಬಿಟ್ರೆ ಪಕಾಸಿಗೆ ಒರಲೆ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿನ ಮೇಲೆ ಮಳೆ ಮಾರಾಯ್ರೆ. ನೀವದನ್ನ ರೀಲ್ಸಿನಲ್ಲಿ ನೋಡಿದ್ದು, ಹಿನ್ನೆಲೆಯಲ್ಲಿ ಕೊಳಲು ಇತ್ತು. ಬಟ್ಟೆಗೆ ಹಿಡಿಯೋ ಬೂಷ್ಟು, ಕಾಲಿಗೆ ಹತ್ತೋ ಉಂಬಳ ರೀಲ್ಸಿನಲ್ಲಿ ಬರಲ್ಲ.

ಹೇಗಿದ್ರೂ ಮಳೆಗಾಲಕ್ಕೆ ನೀವು ಬರಲ್ಲ ಬಿಡಿ. ಬರೋದು ಡಿಸೆಂಬರಿಗೆ, ಕ್ರಿಸ್ಮಸ್ ರಜೆಗೆ. ಆಗ ಊರಲ್ಲಿ ಏನು ನಡೀತಿರ್ತದೆ ಹೇಳಿ? ಅಡಿಕೆ ಕೊಯ್ಲು! ಕೊನೆ ತೆಗೆಯೋರಿಗೆ ಪುರುಸೊತ್ತಿಲ್ಲ, ಸುಲಿಯೋರಿಗೆ ನಿದ್ದೆಯಿಲ್ಲ. ನೀವು ಕೈಗೆ ಡಾಲರ್ ಹಿಡ್ಕೊಂಡು ಪೈಂಟರ್ ಬೇಕು, ಪ್ಲಂಬರ್ ಬೇಕು ಅಂತ ಅಂಗಳದಲ್ಲಿ ನಿಂತ್ರೆ ‘ಶಿವರಾತ್ರಿ ಕಳೀಲಿ, ನೋಡಣ’ ಅಂತಾರೆ. ಶಿವರಾತ್ರಿ ಹೊತ್ತಿಗೆ ನೀವು ಹಿಮ ಬಳೀತಾ ಇರ್ತೀರಿ.

ಆಗ ಯಾರು ನೋಡ್ಕೊಳ್ಳೋದು? ದೊಡ್ಡಪ್ಪನ ಮಗ, ಅಲ್ದಾ? ಅಂತೂ ಬಂತು ಆ ಬಡಪಾಯಿಯ ಹೆಸರು. ಅವನಿಗೊಂದು ಜಿಪಿಎ, ಅಂದ್ರೆ ನಿಮ್ಮ ಪರವಾಗಿ ಓಡಾಡೋ ಅಧಿಕಾರಪತ್ರ, ಕಳಿಸ್ತೀರಿ. ಅದಕ್ಕೆ ಕಾನ್ಸುಲೇಟಿನ ಮುದ್ರೆಯೋ ಅಪೊಸ್ಟೀಲೋ ಆಗ್ಬೇಕು, ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಬೇಕು. ಕಟ್ಟೋದು ಯಾರು? ಅವನೇ. ಬಸ್ಸಲ್ಲಿ ಶಿವಮೊಗ್ಗಕ್ಕೆ ಹೋಗಿ, ಸರ್ವರ್ ಡೌನ್ ಅಂತ ಕೇಳಿಸ್ಕೊಂಡು, ವಾಪಸ್ ಬಂದು, ಮತ್ತೆ ಹೋಗಿ.

ಅವನಿಗೆ ನೀವು ಎಕ್ಸೆಲ್ ಶೀಟ್ ಕಳಿಸಿದ್ದೀರಂತೆ, ಖರ್ಚು ಬರೆಯೋಕೆ. ಅವನು ಎಲ್ಲಿದ್ದಾನೆ ಗೊತ್ತಾ? ಜುಲೈ ಮಳೆಯಲ್ಲಿ, ಕೊಳೆರೋಗಕ್ಕೆ ಬೋರ್ಡೋ ಹೊಡೆಸೋಕೆ ಒಂದು ದಿನದ ಹೊಳವಿಗಾಗಿ ಆಕಾಶ ನೋಡ್ತಾ. ಈಗ ಎಲೆಚುಕ್ಕೆ ಬೇರೆ ವಕ್ಕರಿಸಿದೆ. ಅಂಥಾ ಹೊತ್ತಲ್ಲಿ ನಿಮ್ಮ ಮೆಸೇಜು: ‘ಕಿಟಕಿಗೆ ಯಾವ ಬಣ್ಣ ಅಂತ ನಾಲ್ಕು ಶೇಡ್ ಹಾಕಿಸಿ ಫೋಟೋ ಕಳಿಸು.’ ಅವನು ಹೆಬ್ಬೆಟ್ಟು ಎತ್ತಿದ ಚಿತ್ರ ಕಳಿಸ್ತಾನೆ. ಅದು ಒಪ್ಪಿಗೆ ಅಂದ್ಕೊಂಡಿದ್ದೀರಿ ನೀವು.

ಒಂದು ಮಾತು ಹೇಳ್ಲಾ? ಬೇಜಾರಾಗ್ಬೇಡಿ. ಎರಡು ವರ್ಷದ ಹಿಂದೆ ಅವನು ಮೆಲ್ಲಗೆ ಕೇಳಿದ್ದ, ‘ಎಲ್ಲ ಸೇರಿ ಮಾರಿಬಿಡಣ, ಮಗಳ ಕಾಲೇಜಿಗೆ ಶಿವಮೊಗ್ಗದಲ್ಲೇ ಮನೆ ಮಾಡ್ತೀನಿ’ ಅಂತ. ನೀವೇನಂದ್ರಿ? ‘ಛೇ ಛೇ, ಅಜ್ಜನ ಮನೆ ಮಾರೋದಾ! ನಿಂಗೆ ಸೆಂಟಿಮೆಂಟೇ ಇಲ್ಲ’ ಅಂದ್ರಿ. ನಿಮ್ಮ ಮಕ್ಕಳ ಶಾಲೆಗೆ ಸ್ಕೂಲ್ ಡಿಸ್ಟ್ರಿಕ್ಟ್ ನೋಡಿ ಎರಡು ಮನೆ ಬದಲಾಯಿಸಿದವರು ನೀವು. ಅವನು ಮಾತ್ರ ಆ ಜಗುಲಿ ಮೇಲೆ ಕೂತಿರ್ಬೇಕು, ನಿಮ್ಮ ಬಾಲ್ಯ ಕಾಯ್ತಾ, ಸಂಬಳ ಇಲ್ಲದೆ. ನೀವು ಅಮೆರಿಕಕ್ಕೆ ಎಂತಕ್ಕೆ ಹೋದ್ರಿ ಅಂತ ಅವನು ಯಾವತ್ತಾದ್ರೂ ಕೇಳಿದ್ನಾ?

ಮಕ್ಕಳಿಗೋಸ್ಕರ ಅಂತೀರಾ? ನಿಮ್ಮ ಮಗಳು ಕಳೆದ ಸಲ ಅಟ್ಟದ ಮೇಲೆ ಬಾವಲಿ ನೋಡಿ ಕಿರುಚಿದ್ದು ಮೂರು ಮನೆಗೆ ಕೇಳಿದೆ. ಅವಳಿಗೆ ಊರು ಅಂದ್ರೆ ಎಡಿಸನ್ನೇ. ಮುಂದೆ ಒಂದು ದಿನ ಅವಳ ಗಂಡನಿಗೆ ‘ಪೌತಿ ಖಾತೆ’ ಅಂದ್ರೇನು ಅಂತ ಅವಳು ವಿವರಿಸೋ ದೃಶ್ಯ ನೆನೆಸ್ಕೊಂಡ್ರೆ ನನಗೆ ಆ ಅಳಿಯನ ಮೇಲೆ ಈಗ್ಲೇ ಕನಿಕರ.

ಹಾಗಾದ್ರೆ ಯಾರಿಗೋಸ್ಕರ? ನಾನು ಹೇಳ್ಬಿಡ್ತೀನಿ. ಅಮೆರಿಕದ ಕನ್ನಡಿಗರ ‘ಅಕ್ಕ’ ಸಮ್ಮೇಳನದ ಊಟದ ಕ್ಯೂನಲ್ಲಿ ಸಿಗ್ತಾರಲ್ಲ, ಶಿರಸಿಯವರು, ಅವರಿಗೋಸ್ಕರ! ಅವರದ್ದು ಚೌಕಿ ಮನೆಯಂತೆ, ಉಪ್ಪರಿಗೆ ಇದೆಯಂತೆ, ಪೂರ್ತಿ ರಿಸ್ಟೋರ್ ಮಾಡಿಸಿದ್ದಾರಂತೆ, ಫೋನಲ್ಲಿ ಡ್ರೋನ್ ವೀಡಿಯೋ ಬೇರೆ. ನೀವು ಹೋಳಿಗೆ ತಟ್ಟೆ ಹಿಡ್ಕೊಂಡು ‘ನಮ್ದೂ ಊರಲ್ಲೊಂದು ಹಳೇ ಮನೆ ಇದೆ, ಈಗ ಕೆಲಸ ಶುರು ಮಾಡ್ಬೇಕು’ ಅಂದ್ರಿ. ಅಂದಿದ್ದೇ ತಡ, ಅವತ್ತು ರಾತ್ರಿಯೇ ಪಹಣಿ ಹುಡುಕಾಟ ಶುರು. ತಪ್ಪಾ? ಅಲ್ಲ. ನಾನೂ ಅಲ್ಲಿದ್ದಿದ್ರೆ ನಮ್ಮನೆಗೆ ಇನ್ನೆರಡು ಅಂಕಣ ಸೇರಿಸಿಯೇ ಹೇಳ್ತಿದ್ದೆ.

ಇಷ್ಟೆಲ್ಲ ಹೇಳಿದ್ರೂ ನೀವು ಮಾಡೇ ಮಾಡ್ತೀರಿ, ಗೊತ್ತು. ಮಾಡಿ. ಗೃಹಪ್ರವೇಶಕ್ಕೆ ನನ್ನನ್ನೂ ಕರೀರಿ, ಊಟಕ್ಕೆ ಬರ್ತೀನಿ. ದೊಡ್ಡಪ್ಪನ ಮಗನಿಗೆ ತಿಂಗಳಿಗಿಷ್ಟು ಅಂತ ಏನಾದ್ರೂ ಗೊತ್ತು ಮಾಡಿ, ಅವನು ಬೇಡ ಅಂತಾನೆ, ಆದ್ರೂ ಕಳಿಸಿ. ಎಕ್ಸೆಲ್ ಶೀಟು ಡಿಲೀಟ್ ಮಾಡಿ. ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸಬೇಡಿ, ಕೈಮುಗೀತೀನಿ.

ಅದಕ್ಕೂ ಮೊದಲು ಭದ್ರಾವತಿಗೊಂದು ಫೋನ್ ಹಾಕಿ. ಖಾತೆ ವಿಷಯ ಮೊದಲ ದಿನವೇ ಎತ್ಬೇಡಿ, ಮಂಡಿ ನೋವು ಹೇಗಿದೆ ಅಂತ ಕೇಳಿ. ಮತ್ತೆ ಟೈಮ್ ನೋಡ್ಕೊಂಡು ಮಾಡಿ ಮಾರಾಯ್ರೆ. ಬೇಸಿಗೆಯಲ್ಲಿ ನಿಮಗೆ ಸಂಜೆ ಆರು ಅಂದ್ರೆ ಅತ್ತೆಗೆ ಬೆಳಗಿನ ಜಾವ ಮೂರೂವರೆ. ಸಹಿ ಬೇಕಿರೋದು ಅವರದು.