ಅರಸರ ಶಲ್ಯದ ತಕರಾರು

ಬೇರೆ ಊರಿಗೆ ಒಬ್ಬ ಇತಿಹಾಸದ ಮಾಸ್ತರರು ಸಾಕು. ರಾಯಚೂರಿಗೆ ಓಣಿಗೊಬ್ಬರು ಬೇಕು. ಕೋಟೆ ಇದ್ದ ಊರಿನ ಹಣೆಬರಹವೇ ಅಷ್ಟು. ನಮ್ಮ ಓಣಿಯ ಮಾಸ್ತರರು ನಿವೃತ್ತರಾದ ಮೇಲೆ ತಿದ್ದಲು ಉತ್ತರಪತ್ರಿಕೆ ಸಿಗದೆ ಸೊರಗಿದ್ದರು. 2017ರಲ್ಲಿ ಸಬ್ ಟಿವಿಯವರು ಹಿಂದಿಯಲ್ಲಿ ‘ತೆನಾಲಿ ರಾಮ’ ಶುರು ಮಾಡಿದರು ನೋಡಿ, ಮಾಸ್ತರರ ಮುಖಕ್ಕೆ ಕಳೆ ಬಂತು.

ತೊಡೆಯ ಮೇಲೆ ಮಂಡಾಳ ಒಗ್ಗರಣೆಯ ತಟ್ಟೆ, ತೊಡೆಯ ಕೆಳಗೆ ರಿಮೋಟು. ಕೃಷ್ಣದೇವರಾಯ ಸಭೆಗೆ ಬಂದು ಕೂಡುವ ಮೊದಲೇ ಶುರು: “ಆ ಶಲ್ಯ ನೋಡ್ರಿ ಶಲ್ಯ! ಇದನ್ನ ಹೊತ್ಕೊಂಡು ನಮ್ಮ ರಾಯಚೂರಿಗೆ ಬಂದಿದ್ದಾನೇನು? ಲಡಾಯಿ ಆದದ್ದು 1520ರ ಮೇ 19ಕ್ಕ. ಮೇ ತಿಂಗಳ ನಮ್ಮೂರ ಬಿಸಲಾಗ ಬನೀನ್ ಸೈತ ಮೈಮ್ಯಾಲೆ ನಿಲ್ಲಂಗಿಲ್ಲ!”

ಆಮೇಲೆ ಕಂಬಗಳ ಸರದಿ. “ಥರ್ಮಾಕೋಲ್ರಿ ಅವು. ಆ ಕಾವಲುಗಾರ ಜೋರಾಗಿ ಸೀನಿದ್ರ ಅರಮನಿನೇ ಕುಂತುಬಿಡ್ತದ.” ಅವರ ಸಿಟ್ಟಿಗೂ ಕಾರಣ ಇಲ್ಲದಿಲ್ಲ. ದಿನಾ ಕಾಣುವ ಕೋಟೆಯ ಗೋಡೆಯಲ್ಲಿ 1294ರ ತೆಲುಗು ಶಾಸನವಿದೆ. ಒಂದೇ ಕಲ್ಲು, ನಲವತ್ತು ಅಡಿಗೂ ಉದ್ದ. ಅದನ್ನು ಬಂಡಿಯ ಮೇಲೆ ಹೇರಿ ಎಳೆದುತಂದ ಚಿತ್ರವೂ ಅಲ್ಲೇ ಕೆತ್ತಿದೆ. ಅಂಥದ್ದನ್ನು ನೋಡುತ್ತ ಬೆಳೆದವರಿಗೆ ಸ್ಟುಡಿಯೋದ ಕಂಬ ಹೇಗೆ ರುಚಿಸಬೇಕು?

ಒಮ್ಮೆ ಎದುರುಮನೆ ಹುಡುಗ ಕೇಳಿಯೇಬಿಟ್ಟ: “ಸರ, ತೆನಾಲಿ ರಾಮ ಸಾವಿರ ಮುಖದ ಕಾಳಿನ್ನ ಕಂಡು, ಇಷ್ಟು ಮೂಗಿಗೆ ನೆಗಡಿ ಬಂದ್ರ ಹೆಂಗಂತ ನಕ್ಕನಂತಲ್ರಿ, ಅದು ಖರೇ ಏನ್ರಿ?”

“ಅದು ಖರೇನಪಾ. ಅದು ಕಥಿ.”

“ಮತ್ತ ಶಲ್ಯ?”

“ಅದು ಇತಿಹಾಸ!”

ಹುಡುಗ ಮುಂದೆ ಕೇಳಲಿಲ್ಲ. ನಾನಾದರೂ ಕೇಳುತ್ತಿರಲಿಲ್ಲ.

ಹಬ್ಬಕ್ಕೆ ದೇವದುರ್ಗದಿಂದ ಬೀಗರು ಬಂದರೆ ನಿರಾಶೆಗೆ ಪಾಲುದಾರರು ಸಿಕ್ಕಂತೆ. ಗೋಪಾಲದಾಸರು ಹುಟ್ಟಿದ ಮೊಸರಕಲ್ಲು ಇರುವ ತಾಲ್ಲೂಕಿನವರು. ಅವರ ದೂರೇ ಬೇರೆ. “ವ್ಯಾಸರಾಯರು ಎಲ್ಲಿ? ಕುಹಯೋಗ ಬಂದಾಗ ಅರಸನ್ನ ಉಳಿಸ್ಲಿಕ್ಕೆ ಸಿಂಹಾಸನದ ಮ್ಯಾಲೆ ಕೂತವರು ಅವರಲ್ಲೇನ್ರಿ? ಇಲ್ಲಿ ನೋಡಿದ್ರ ಬರೇ ಆ ತಾತಾಚಾರಿ, ಅವನ ಇಬ್ಬರು ಶಿಷ್ಯರು, ಅವರ ಮಸಲತ್ತು!” ಬೀಗರಿಬ್ಬರೂ ಒಂದೇ ಮಾತಿಗೆ ತಲೆಯಾಡಿಸಿದ್ದು ಮದುವೆ ಮಾತುಕತೆಯ ಹೊತ್ತಿಗೂ ಆಗಿರಲಿಲ್ಲ.

ಮಾನ್ವಿಯಿಂದ ಭತ್ತದ ಲೆಕ್ಕಕ್ಕೆ ಬಂದ ಮೈದುನ ಮಾತ್ರ ಬೇರೆ ಪೈಕಿ. ತೆನಾಲಿಯ ಒಂದೊಂದು ಮಾತಿಗೂ ಹೊಟ್ಟೆ ಹಿಡಿದು ನಗುತ್ತಾನೆ. “ಮಾಮಾ, ನಗಲಿಕ್ಕರೆ ಬಿಡ್ರಿ. ಭತ್ತದ ರೇಟ್ ಕೇಳಿ ಅತ್ತು ಬಂದೀನಿ.”

“ನಗೂದಿದ್ರ ನಾಗಾಭರಣರು ದೂರದರ್ಶನಕ್ಕ ಮಾಡಿದ್ದು ನೋಡಬೇಕಿತ್ತು. ವಿಜಯ ಕಾಶಿ ತೆನಾಲಿ ಆಗಿದ್ದ. 1990ರಾಗ. ಅದೂ ಹಿಂದೀನೇ. ಆದ್ರ ಅದು ಧಾರಾವಾಹಿ!”

ಒಳಗಿನಿಂದ ಮಾಸ್ತರರ ಮನೆಯವರು: “ಆವಾಗೂ ಹಿಂಗ ಒದರ್ತಿದ್ರಿ. ಆವಾಗ ತಕರಾರು ಪೇಟಾದ್ದಿತ್ತು.”

ಮಾಸ್ತರರು ಮಂಡಾಳದಲ್ಲಿ ಶೇಂಗಾ ಹುಡುಕಿದರು.

“ಇಷ್ಟು ಸಿಟ್ಟು ಬಂದ್ರ ಚಾನಲ್ ಬದಲಿ ಮಾಡ್ರಿ” ಎಂದು ನಾನೇ ಒಮ್ಮೆ ಹೇಳಿದ್ದೆ. ಅವರು ರಿಮೋಟನ್ನು ಇನ್ನಷ್ಟು ಒಳಗೆ ತಳ್ಳಿದರು. “ಏ ಬ್ಯಾಡ್ರಿ, ಇನ್ನಾ ಭಾಳ ತಪ್ಪು ಬರೂವದಾವ.” ಆ ಸರಣಿ ಮುಗಿದಾಗ ನಾಲ್ಕು ದಿನ ಮಂಕಾಗಿದ್ದರು. 2024ರ ಕೊನೆಗೆ ತೆನಾಲಿ ರಾಮ ಮತ್ತೆ ಬಂದ ಸುದ್ದಿ ಓಣಿಗೆಲ್ಲ ಹೇಳಿದವರೂ ಅವರೇ, “ಈ ಸಲ ಇನ್ನೂ ಕೆಡಿಸಿರ್ತಾರ” ಎಂದು ಸಡಗರದಿಂದ.

ರಾಯಚೂರಿಗೆ ಬಂದರೆ ಕೋಟೆ ನೋಡಲು ಇವರನ್ನೇ ಕರೆದೊಯ್ಯಿರಿ. ಶಾಸನ ತೋರಿಸುತ್ತಾರೆ, ಇಸ್ಮಾಯಿಲ್ ಆದಿಲ್ ಶಾಹ ಸೋತು ಕೃಷ್ಣೆ ದಾಟಿ ಓಡಿದ್ದನ್ನು ಕಣ್ಣಾರೆ ಕಂಡವರಂತೆ ಹೇಳುತ್ತಾರೆ, ಚಹಾದ ದುಡ್ಡನ್ನೂ ಅವರೇ ಕೊಡುತ್ತಾರೆ. ಧಾರಾವಾಹಿಯ ಮಾತು ಮಾತ್ರ ಎತ್ತಬೇಡಿ. ರೈಲು ತಪ್ಪುತ್ತದೆ.