ಬಾಲ ಹಿಡಿಯಲು ಹೋದವರು

2024ರ ಸೆಪ್ಟೆಂಬರ್ ಕೊನೆಯಲ್ಲಿ ಭಾವಮೈದುನ ಫೋನ್ ಮಾಡಿ, "ಭಾವ, ಧೂಮಕೇತು ಬಂದಿದೆ, ಬೆಟ್ಟಕ್ಕೆ ಹೋಗೋಣ" ಎಂದ. ಊರಿಂದ ನೆಂಟರು ಬಂದಿದ್ದಾರೆ ಎನ್ನುವ ಧಾಟಿ. ನೆಂಟರ ಹೆಸರು ತ್ಸುಚಿನ್‌ಶಾನ್-ಅಟ್ಲಾಸ್. ಹೇಳಹೊರಟರೆ ಸೀನು ಬರುತ್ತದೆ. ಚೀನಾದವರೂ ದಕ್ಷಿಣ ಆಫ್ರಿಕಾದ ಅಟ್ಲಾಸ್ ದೂರದರ್ಶಕವೂ ಬೇರೆ ಬೇರೆಯಾಗಿ ಕಂಡುಹಿಡಿದದ್ದರಿಂದ, ಮೊಮ್ಮಗುವಿಗೆ ಇಬ್ಬರು ಅಜ್ಜಂದಿರ ಹೆಸರನ್ನೂ ಇಟ್ಟ ಹಾಗೆ ಆಗಿದೆ.

ಕೋಲಾರದ ಕಡೆಯ ಬೆಟ್ಟದ ಮೇಲೆ ಟೆಂಟ್ ಹಾಕಿದೆವು. ನನ್ನ ಬೆನ್ನಡಿಗೆ ಒಂದು ಕಲ್ಲು. ಯಾವ ಮಗ್ಗುಲಿಗೆ ಹೊರಳಿದರೂ ಅದೂ ಜೊತೆಗೇ ಬರುತ್ತಿತ್ತು. ಧೂಮಕೇತು ಕಾಣುವುದು ಬೆಳಗಿನ ಜಾವ ಐದರ ಮೇಲೆ, ಪೂರ್ವದ ಅಂಚಿನಲ್ಲಿ. ಈ ಮಹಾಶಯ ಎರಡಕ್ಕೇ ಎಬ್ಬಿಸಿ, "ಬಾಲ ನೋಡಿ ಭಾವ!" ಎಂದು ಹತ್ತು ಫೋಟೊ ಹೊಡೆದ. ದೇವನಹಳ್ಳಿಗೆ ಇಳಿಯುವ ವಿಮಾನ.

ಐದೂಕಾಲಿಗೆ ನಿಜವಾದದ್ದೇ ಬಂತು. ಬರಿಗಣ್ಣಿಗೆ, ಸ್ಲೇಟಿನ ಮೇಲೆ ಬಳಪದ ಗೀರನ್ನು ಅರ್ಧ ಒರೆಸಿದಂತೆ. ಲೆನ್ಸ್ ಮೇಲೆ ಇಬ್ಬನಿ. ಪಂಚೆಯ ತುದಿಯಿಂದ ಒರೆಸಿದೆ. ಟ್ರೈಪಾಡ್ ನಿಲ್ಲಿಸಿ, ಎಂಟು ಸೆಕೆಂಡ್ ಶಟರ್ ತೆರೆದು, ಇಬ್ಬರೂ ಉಸಿರು ಬಿಗಿಹಿಡಿದೆವು. ಏಳನೆಯ ಸೆಕೆಂಡಿಗೆ ಭಾವಮೈದುನ ಚಪ್ಪಲಿ ಹುಡುಕಲು ಟಾರ್ಚ್ ಹಾಕಿದ. ಇನ್ನೊಮ್ಮೆ ತೆಗೆಯುವಷ್ಟರಲ್ಲಿ ಪೂರ್ವ ಬೆಳ್ಳಗಾಗಿತ್ತು.

ಮನೆಯಲ್ಲಿ ಫೋಟೊ ನೋಡಿ ಇವಳು, "ಚಪ್ಪಲಿ ಚೆನ್ನಾಗಿ ಬಂದಿದೆ ಕಣ್ರೀ" ಎಂದಳು.

ಹ್ಯಾಲಿ ಧೂಮಕೇತು 2061ಕ್ಕೆ ಬರುತ್ತದಂತೆ. ಹೊರಡುವವರು ದಪ್ಪನೆಯ ಚಾಪೆ ಒಯ್ಯಿರಿ, ಭಾವಮೈದುನನನ್ನು ಬಿಟ್ಟು ಹೋಗಿ.